ಚಂದದ ಶಾಟ್ ಸರಿ, ಕ್ಯಾಮೆರಾ ನಿಂತಿದ್ದು ಯಾರ ಪಕ್ಕ?

2025ರ ಆಗಸ್ಟ್ 1ರಂದು 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದಾಗ 'ದಿ ಕೇರಳ ಸ್ಟೋರಿ'ಗೆ ಎರಡು ಪ್ರಶಸ್ತಿ ಬಂತು. ಅತ್ಯುತ್ತಮ ನಿರ್ದೇಶನ ಸುದೀಪ್ತೋ ಸೇನ್‌ಗೆ, ಅತ್ಯುತ್ತಮ ಛಾಯಾಗ್ರಹಣ ಪ್ರಶಾಂತನು ಮಹಾಪಾತ್ರ ಅವರಿಗೆ. ಮೊದಲನೆಯದರ ಬಗ್ಗೆ ಜಗಳ ಜೋರಾಗಿಯೇ ನಡೆಯಿತು. ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಖಂಡಿಸಿದರು, ಪುಣೆಯ ಎಫ್‌ಟಿಐಐ ವಿದ್ಯಾರ್ಥಿ ಸಂಘವೂ ಖಂಡಿಸಿತು. ಎರಡನೆಯದರ ಬಗ್ಗೆ ಮಾತ್ರ ನಮ್ಮ ಗೆಳೆಯರ ನಡುವೆಯೇ ಬೇರೆ ರಾಗ. 'ಕಥೆ ಸುಳ್ಳು ಅಂತ ಗೊತ್ತು ಗುರು. ಆದ್ರೆ ಕ್ಯಾಮೆರಾ ಕೆಲಸ ಕ್ಯಾಮೆರಾ ಕೆಲಸ ತಾನೇ? ಕ್ಯಾಮೆರಾ ಹಿಡಿದವರು ಕಥೆ ಬರೆದ್ರಾ?'

ಈ ಪ್ರಶ್ನೆಯನ್ನ ಸುಮ್ಮನೆ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಯಾಕಂದ್ರೆ ಕಣ್ಣಿಗೆ ಹಬ್ಬ ಅನ್ನಿಸೋ ಸಿನಿಮಾಗಳ ಪಟ್ಟಿ ಮಾಡುವಾಗ ನಾವೆಲ್ಲ ಮಾಡೋದೂ ಇದನ್ನೇ. ಕಥೆ ಒಂದು ಕಡೆ, 'ವಿಷುವಲ್ಸ್' ಇನ್ನೊಂದು ಕಡೆ. 'ಕೆಜಿಎಫ್'ನ ಕಪ್ಪು-ಕಂದು ಫ್ರೇಮುಗಳು ಎಷ್ಟೋ ಜನರ ಮೊಬೈಲಿನ ವಾಲ್‌ಪೇಪರ್ ಆದವು. ಆ ಹೆಸರಿನ ನಿಜವಾದ ಗಣಿಯಲ್ಲಿ ದುಡಿದವರು ಯಾರು ಅಂತ ಕೇಳಿದವರು ಕಡಿಮೆ. ನಾನೂ ಕೇಳಿರಲಿಲ್ಲ. 2018ರ ಡಿಸೆಂಬರ್‌ನಲ್ಲಿ ಮೊದಲ ವಾರವೇ ನೋಡಿ, ಭುವನ್ ಗೌಡರ ಕ್ಯಾಮೆರಾ ಬಗ್ಗೆ ಊರೆಲ್ಲ ಹೇಳಿಕೊಂಡು ಬಂದವನು ನಾನು. ಹಾಗಾಗಿ ಇದು ಮಡಿವಂತನ ತೀರ್ಪಲ್ಲ. ತುಂಬಾ ಇಷ್ಟಪಟ್ಟ ಸಿನಿಮಾಗಳನ್ನ ಮತ್ತೆ ನೋಡುವಾಗ ಹುಟ್ಟಿದ ತಕರಾರು, ಅಷ್ಟೇ.

ಮೊದಲು ಪ್ರಶಸ್ತಿಯ ವಿಷಯ ಮುಗಿಸೋಣ. ಜ್ಯೂರಿಯ ಅಧ್ಯಕ್ಷ ಅಶುತೋಷ್ ಗೋವಾರಿಕರ್ ಕೊಟ್ಟ ಸಮರ್ಥನೆಯ ಸಾರ ಇಷ್ಟು: ಈ ಸಿನಿಮಾದ ಛಾಯಾಗ್ರಹಣ ವಾಸ್ತವಕ್ಕೆ ಹತ್ತಿರವಾಗಿದೆ, ಕಥೆಯನ್ನು ಮೀರಿ ಮೆರೆಯಲು ಹೋಗಿಲ್ಲ. ನನ್ನ ಸಮಸ್ಯೆ ಶುರುವಾಗೋದೇ ಇಲ್ಲಿ. 32 ಸಾವಿರ ಹುಡುಗಿಯರು ಅಂತ ಟೀಸರ್‌ನಲ್ಲಿ ಅಬ್ಬರಿಸಿದ ಸಿನಿಮಾ ಇದು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಿರ್ಮಾಪಕರೇ ಒಂದು ಡಿಸ್ಕ್ಲೇಮರ್ ಹಾಕಲು ಒಪ್ಪಿಕೊಂಡರು: ಈ ಅಂಕಿಗೆ ಅಧಿಕೃತ ಆಧಾರವಿಲ್ಲ, ಇದು ಕಲ್ಪಿತ ನಿರೂಪಣೆ. ಅಂದರೆ ಕೋರ್ಟಿನಲ್ಲಿ 'ಕಲ್ಪನೆ', ಥಿಯೇಟರಿನಲ್ಲಿ 'ವಾಸ್ತವ'. ಈ ಎರಡರ ನಡುವಿನ ಸೇತುವೆ ಯಾವುದು? ಸಂಭಾಷಣೆಯಂತೂ ಅಲ್ಲ, ಅದರ ಮಟ್ಟ ನೋಡಿದವರಿಗೆ ಗೊತ್ತು. ಹಸಿರು ತುಂಬಿದ ಮನೆಯಂಗಳದಿಂದ ದೂಳಿನ ಮರುಭೂಮಿಗೆ, ಅಲ್ಲಿಂದ ಬೂದು ಬಣ್ಣದ ವಿಚಾರಣಾ ಕೋಣೆಗೆ ನಮ್ಮನ್ನ ಎಳೆದುಕೊಂಡು ಹೋಗಿ 'ಇದು ನಡೆದಿದ್ದೇ' ಅಂತ ನಂಬಿಸೋದು ಕ್ಯಾಮೆರಾ. ಹಾಗಾಗಿ 'ಕಥೆಗೂ ಕ್ಯಾಮೆರಾಗೂ ಸಂಬಂಧ ಇಲ್ಲ' ಅನ್ನೋ ವಾದಕ್ಕೆ ಜ್ಯೂರಿಯ ಮಾತೇ ಉತ್ತರ. ಕಥೆಗೆ ಚೆನ್ನಾಗಿ ದುಡಿದಿದೆ ಅಂತಲೇ ಅದಕ್ಕೆ ಪ್ರಶಸ್ತಿ ಬಂದಿರೋದು.

ಕರ್ನಾಟಕದವರಿಗೆ ಇದು ದೂರದ ಸುದ್ದಿಯೂ ಅಲ್ಲ. ಆ ಸಿನಿಮಾ ಬಿಡುಗಡೆಯಾದ 2023ರ ಮೇ 5ರಂದೇ ಪ್ರಧಾನಿ ಮೋದಿ ಬಳ್ಳಾರಿಯ ಚುನಾವಣಾ ಸಭೆಯಲ್ಲಿ ಅದರ ಹೆಸರು ಹೇಳಿ, ಕಾಂಗ್ರೆಸ್ಸನ್ನು ಜರಿದರು. ಮೇ 10ಕ್ಕೆ ನಮ್ಮಲ್ಲಿ ಮತದಾನ ಇತ್ತು.

ಈಗ ಇದರ ಪಕ್ಕದಲ್ಲಿ ಇನ್ನೊಂದು ಸಿನಿಮಾ ಇಟ್ಟು ನೋಡಿ. ಪಾಯಲ್ ಕಪಾಡಿಯಾ ನಿರ್ದೇಶನದ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್', 2024ರಲ್ಲಿ ಕಾನ್‌ನಲ್ಲಿ ಗ್ರ್ಯಾಂಡ್ ಪ್ರಿ ಗೆದ್ದ ಚಿತ್ರ. (ಎರಡೂ ಒಂದೇ ವರ್ಷದ ಪ್ರಶಸ್ತಿ ಕಣದಲ್ಲಿ ಇರಲಿಲ್ಲ, ಆ ಹೋಲಿಕೆ ಮಾಡ್ತಾ ಇಲ್ಲ.) ವಿಚಿತ್ರ ನೋಡಿ, ಎರಡರಲ್ಲೂ ಇರೋದು ನರ್ಸಿಂಗ್ ಜಗತ್ತಿನ ಮಲಯಾಳಿ ಹೆಣ್ಣುಮಕ್ಕಳು. ಎರಡರಲ್ಲೂ ಮುಸ್ಲಿಂ ಹುಡುಗನನ್ನು ಪ್ರೀತಿಸುವ ಹಿಂದೂ ಹುಡುಗಿ. ಎರಡರಲ್ಲೂ ಬುರ್ಖಾ. 'ಕೇರಳ ಸ್ಟೋರಿ'ಯಲ್ಲಿ ತಲೆ ಮೇಲೆ ಬಟ್ಟೆ ಬಂತು ಅಂದರೆ ಬಲೆ ಬಿತ್ತು ಅಂತಲೇ ಅರ್ಥ, ನೋಡುವವರ ಎದೆ ಝಲ್ ಅನ್ನಬೇಕು. ಕಪಾಡಿಯಾ ಸಿನಿಮಾದಲ್ಲಿ ಅನು ಅನ್ನೋ ಹುಡುಗಿ ತಾನೇ ಅಂಗಡಿಗೆ ಹೋಗಿ ಬುರ್ಖಾ ಕೊಳ್ತಾಳೆ, ಶಿಯಾಜ್‌ನ ಮನೆಯವರು ಮದುವೆಗೆ ಹೋದ ದಿನ ಅವನ ಬೀದಿಗೆ ಗುಟ್ಟಾಗಿ ನುಗ್ಗೋಕೆ. ಅರ್ಧ ದಾರಿಯಲ್ಲೇ ಸುದ್ದಿ ಬರುತ್ತೆ: ಮಳೆಗೆ ರೈಲು ಹಳಿ ಮುಳುಗಿ ಮನೆಯವರು ಹೊರಟೇ ಇಲ್ಲ. ಅಷ್ಟೇ. ಯಾವ ಹಿನ್ನೆಲೆ ಸಂಗೀತದ ಗುಡುಗೂ ಇಲ್ಲ. ಅವಳ ಪೆಚ್ಚು ಮುಖ ನೋಡಿ ನಮಗೆ ನಗುವೂ ಬರುತ್ತೆ, ಪಾಪ ಅಂತಲೂ ಅನ್ನಿಸುತ್ತೆ.

ಛಾಯಾಗ್ರಾಹಕ ರಣಬೀರ್ ದಾಸ್ ಇಲ್ಲಿ ಮುಂಬೈಯನ್ನ ನೀಲಿಯಲ್ಲಿ ಅದ್ದಿದ್ದಾರೆ. ಟಾರ್ಪಾಲಿನ ನೀಲಿ, ಮಳೆಗಾಲದ ಸಂಜೆಯ ನೀಲಿ, ರಾತ್ರಿ ಲೋಕಲ್ ರೈಲಿನ ಕಿಟಕಿಯ ನೀಲಿ. ಗಂಡ ಜರ್ಮನಿಯಿಂದ ಕಳಿಸಿದ್ದಿರಬಹುದಾದ ಅನ್ನದ ಕುಕ್ಕರನ್ನು ಪ್ರಭಾ ರಾತ್ರಿ ನೆಲದ ಮೇಲೆ ಕೂತು ಅಪ್ಪಿಕೊಳ್ಳೋ ದೃಶ್ಯ ಇದೆಯಲ್ಲ, ಅದನ್ನ ನಾನು ನಾಲ್ಕು ಸಲ ನೋಡಿದ್ದೀನಿ. ಕೆಂಪು ಕುಕ್ಕರ್, ಕತ್ತಲು, ಒಂಟಿ ಹೆಂಗಸು. ಕ್ಯಾಮೆರಾ ಅವಳ ಗುಟ್ಟು ಕದಿಯೋಕೆ ಹತ್ತಿರ ಹೋಗಲ್ಲ, ಅವಳ ಜೊತೆ ಸುಮ್ಮನೆ ಕೂರುತ್ತೆ. ಈ ಕಪಾಡಿಯಾ 2015ರಲ್ಲಿ ಎಫ್‌ಟಿಐಐನಲ್ಲಿ ಗಜೇಂದ್ರ ಚೌಹಾಣ್ ನೇಮಕದ ವಿರುದ್ಧ ನಡೆದ 139 ದಿನಗಳ ಮುಷ್ಕರದಲ್ಲಿ ಇದ್ದವರು, ಪೊಲೀಸ್ ಕೇಸು ಹಾಕಿಸಿಕೊಂಡವರು ಅನ್ನೋದು ನಿಮಗೆ ಗೊತ್ತೇ ಇರುತ್ತೆ.

ದೂರ ಎಷ್ಟು, ಎತ್ತರ ಎಷ್ಟು

ಇಟಲಿಯ ಪೊಂಟೆಕೊರ್ವೋ 1960ರಲ್ಲಿ 'ಕಾಪೋ' ಅಂತ ನಾಜಿ ಶಿಬಿರದ ಬಗ್ಗೆ ಒಂದು ಸಿನಿಮಾ ಮಾಡಿದ್ದರು. ಅದರಲ್ಲಿ ಒಬ್ಬ ಕೈದಿ ಹೆಂಗಸು ವಿದ್ಯುತ್ ಬೇಲಿಗೆ ಬಿದ್ದು ಸಾಯ್ತಾಳೆ. ಆ ಹೊತ್ತಲ್ಲಿ ಕ್ಯಾಮೆರಾ ನಿಧಾನಕ್ಕೆ ಮುಂದೆ ಸರಿದು, ಅವಳ ಶವವನ್ನ ಫ್ರೇಮಿನಲ್ಲಿ ಚಂದಕ್ಕೆ ಕೂರಿಸುತ್ತೆ. ಫ್ರೆಂಚ್ ವಿಮರ್ಶಕ ಜಾಕ್ ರಿವೆಟ್ ಮರುವರ್ಷ ಬರೆದ ಲೇಖನದಲ್ಲಿ ಇಡೀ ಸಿನಿಮಾ ಬಿಟ್ಟು ಆ ಒಂದು ಚಲನೆಯನ್ನ ಹಿಡಿದುಕೊಂಡು, ಹೀಗೆ ಮಾಡುವವನು ತಿರಸ್ಕಾರಕ್ಕೆ ಅರ್ಹ ಅಂದುಬಿಟ್ಟರು. ಅತಿ ಅಂತ ಅನ್ನಿಸಬಹುದು. ಮೊದಲ ಸಲ ಓದಿದಾಗ ನನಗೂ ಅನ್ನಿಸಿತ್ತು. ಆದರೆ ನಮ್ಮ ವೆಬ್ ಸರಣಿಗಳಲ್ಲಿ ಅತ್ಯಾಚಾರದ ದೃಶ್ಯಕ್ಕೂ ಸ್ಲೋ ಮೋಷನ್, ಗುಂಪು ಹಲ್ಲೆಗೂ ಡ್ರೋನ್ ಶಾಟ್ ನೋಡಿ ನೋಡಿ, ರಿವೆಟ್ ಸಿಟ್ಟು ಸ್ವಲ್ಪ ಕಡಿಮೆಯೇ ಆಯ್ತೇನೋ ಅನ್ನಿಸ್ತಿದೆ.

ನಮ್ಮಲ್ಲಿ ಈ ಪಾಠವನ್ನ ಲೇಖನ ಬರೆಯದೆ, ಸಿನಿಮಾದಲ್ಲೇ ಕಲಿಸಿದವರಿದ್ದಾರೆ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದ್ದು. ಕಪ್ಪು ಬಿಳುಪು, ಎಸ್. ರಾಮಚಂದ್ರ ಅವರ ಛಾಯಾಗ್ರಹಣ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ಸಂಸ್ಥೆ ಸೇರಿ ಇದನ್ನ 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಯೂಟ್ಯೂಬಿನ ಮಸುಕು ಪ್ರತಿ ನೋಡಿ ಬೆಳೆದ ನಮ್ಮಂಥವರಿಗೆ, ಈ ಕತ್ತಲಲ್ಲಿ ಇಷ್ಟೊಂದು ವಿವರ ಇತ್ತಾ ಅಂತ ಬೆರಗಾಗೋ ಅವಕಾಶ.

ಅಗ್ರಹಾರದ ವಿಧವೆ ಯಮುನಕ್ಕ ಬಸುರಿ. ಅವಳಿನ್ನೂ ಬದುಕಿರುವಾಗಲೇ ಹೆತ್ತಪ್ಪ ಅವಳ ಶ್ರಾದ್ಧ ಮಾಡ್ತಾನೆ. ಇದನ್ನೆಲ್ಲ ನಾವು ನೋಡೋದು ವೇದ ಕಲಿಯೋಕೆ ಬಂದ ಪುಟ್ಟ ಹುಡುಗ ನಾಣಿಯ ಕಣ್ಣಲ್ಲಿ. ಹಾಗಾಗಿ ಕ್ಯಾಮೆರಾ ಅವನ ಎತ್ತರಕ್ಕೆ ಕುಗ್ಗಿದೆ. ಬಾಗಿಲ ಸಂದಿ, ಕಂಬದ ಮರೆ, ದೊಡ್ಡವರ ಬೆನ್ನು. ಏನೋ ನಡೀತಿದೆ ಅಂತ ಗೊತ್ತು, ಏನು ಅಂತ ಗೊತ್ತಿಲ್ಲ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನಕ್ಕನನ್ನ ನಾಣಿ ತಿರುಗಿ ತಿರುಗಿ ನೋಡ್ತಾ, ತನ್ನಪ್ಪನ ಹಿಂದೆ ನಡೆದು ಹೋಗ್ತಾನೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಅವಳ ಕಣ್ಣೀರಿನ ಕ್ಲೋಸಪ್ ಇಡ್ತಿದ್ದರು. ಕಾಸರವಳ್ಳಿ, ರಾಮಚಂದ್ರ ದೂರವನ್ನೇ ಇಟ್ಟರು. ಆ ದೂರ ಅಗ್ರಹಾರ ಅವಳ ಮೇಲೆ ಹೇರಿದ ದೂರ. ಮಾಡಿದಾಗ ನಿರ್ದೇಶಕರಿಗೆ ಇಪ್ಪತ್ತೇಳರ ಆಸುಪಾಸು ವಯಸ್ಸು, ಅಂದರೆ ಇದನ್ನ ಓದುತ್ತಿರುವ ನಿಮ್ಮಲ್ಲಿ ಅನೇಕರ ವಯಸ್ಸು.

ಕ್ಯಾಮೆರಾದ ಕಸುಬು ಅಂತ ಬಂದರೆ ಮೈಸೂರಿನ ವಿ.ಕೆ. ಮೂರ್ತಿಯವರ ಹೆಸರು ಹೇಳದೆ ಮುಂದೆ ಹೋಗೋಕೆ ಆಗಲ್ಲ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತು, ಮುಂಬೈಗೆ ಹೋಗಿ ಗುರುದತ್‌ಗೆ ಬೆಳಕು ಕಟ್ಟಿಕೊಟ್ಟವರು. 1959ರ 'ಕಾಗಜ್ ಕೆ ಫೂಲ್', ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಖಾಲಿ ಸ್ಟುಡಿಯೋದೊಳಗೆ ಮೇಲಿಂದ ಇಳಿಯೋ ಆ ಬೆಳಕಿನ ಕೋಲು ದೊಡ್ಡ ಲೈಟಿನಿಂದ ಬಂದಿದ್ದಲ್ಲ. ಹೊರಗೊಂದು ಕನ್ನಡಿ, ಒಳಗೆ ಅಟ್ಟದ ಮೇಲೊಂದು ಕನ್ನಡಿ ಇಟ್ಟು ಬಿಸಿಲನ್ನೇ ಒಳಗೆ ತಂದದ್ದು. ಸಿನಿಮಾ ಸೋತಿತು, ಆ ಬೆಳಕು ಉಳಿಯಿತು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. 'ಟೆಕ್ನಿಷಿಯನ್' ಅಂತ ನಾವು ಬದಿಗೆ ಸರಿಸೋ ಜನ ಸಿನಿಮಾದ ಅರ್ಥವನ್ನೇ ಬರೀತಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅರ್ಥ ಬರೆಯೋರು ಅಂದಮೇಲೆ ಅರ್ಥದ ಹೊಣೆಯೂ ಇರುತ್ತಲ್ಲ, ಅದೇ ನನ್ನ ವಾದ.

ಆ ಹೊಣೆಯನ್ನ ಪ್ರೇಕ್ಷಕರ ಕೈಗೇ ಕೊಟ್ಟ ಸಿನಿಮಾ ನಾಗರಾಜ ಮಂಜುಳೆಯವರ 'ಫಂಡ್ರಿ', 2013ರದ್ದು, ವಿಕ್ರಮ್ ಅಮ್ಲಾಡಿಯವರ ಕ್ಯಾಮೆರಾ. ಕೈಕಾಡಿ ಜಾತಿಯ ಹುಡುಗ ಜಬ್ಯಾ ಮೇಲ್ಜಾತಿಯ ಸಹಪಾಠಿ ಶಾಲೂಗೆ ಮನಸೋತಿದ್ದಾನೆ. ಊರಿನ ಹಂದಿ ಹಿಡಿಯೋ ಕೆಲಸ ಅವನ ಮನೆಯವರದ್ದು. ಮೊದಲರ್ಧ ತುಂಬಾ ಸುಂದರ: ಬಯಲು, ಜಾಲಿಗಿಡ, ಹುಡುಗ ಬೆನ್ನು ಹತ್ತಿದ ಕಪ್ಪು ಹಕ್ಕಿ. ಆಮೇಲೆ ಶಾಲೆಯ ಪಕ್ಕದಲ್ಲೇ ಇಡೀ ಕುಟುಂಬ ಹಂದಿ ಅಟ್ಟಿಸಿಕೊಂಡು ಓಡುತ್ತೆ, ಊರು ಮೋಜು ನೋಡುತ್ತೆ. ಇನ್ನೇನು ಹಂದಿ ಸಿಕ್ಕಿತು ಅನ್ನುವಷ್ಟರಲ್ಲಿ ಶಾಲೆಯಲ್ಲಿ ರಾಷ್ಟ್ರಗೀತೆ ಶುರು. ಎಲ್ಲರೂ ಅಟೆನ್ಷನ್. ಹಂದಿ ಆರಾಮಾಗಿ ನಡೆದು ಹೋಗುತ್ತೆ. ಥಿಯೇಟರಿನಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲದವರನ್ನ ಹೊಡೆಯೋ ಕಾಲದಲ್ಲಿ ಈ ದೃಶ್ಯ ನೆನೆಸಿಕೊಂಡರೆ ಮೈ ಜುಂ ಅನ್ನುತ್ತೆ.

ಮುಂದೆ ಕೋಲಿಗೆ ಕಟ್ಟಿದ ಹಂದಿಯನ್ನ ಹೊತ್ತು ಅವರು ಶಾಲೆಯ ಗೋಡೆ ದಾಟ್ತಾರೆ. ಗೋಡೆ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ, ಶಾಹು ಮಹಾರಾಜರ ಚಿತ್ರಗಳು. ಒಂದೇ ಫ್ರೇಮು, ಯಾವ ಭಾಷಣವೂ ಇಲ್ಲ. ಕೊನೆಗೆ ಗೇಲಿ ಮಾಡುವವರತ್ತ ಜಬ್ಯಾ ಎಸೆದ ಕಲ್ಲು ಸೀದಾ ಕ್ಯಾಮೆರಾಗೆ ಬಂದು ಬಡಿಯುತ್ತೆ. ಅಲ್ಲಿಯವರೆಗೆ ನಾವು ಜಬ್ಯಾ ಪಕ್ಕ ಇದ್ದೀವಿ ಅಂದುಕೊಂಡಿದ್ವಿ. ಕ್ಯಾಮೆರಾ ನಮ್ಮನ್ನ ಯಾವಾಗ ಗುಂಪಿನ ಕಡೆ ತಂದು ನಿಲ್ಲಿಸ್ತೋ ಗೊತ್ತೇ ಆಗಿಲ್ಲ.

ಬೆಂಕಿಯ ಬೆಳಕಲ್ಲಿ ಕಾಣದ್ದು

ಇನ್ನು 'ಕಾಂತಾರ'. ಇದರ ಬಗ್ಗೆ ಮಾತಾಡೋದು ಕಷ್ಟ, ಎರಡೂ ಕಡೆಯಿಂದ ಬೈಗುಳ ಗ್ಯಾರಂಟಿ. ಅರವಿಂದ್ ಎಸ್. ಕಶ್ಯಪ್ ಅವರ ಕ್ಯಾಮೆರಾ ಆ ಕೊನೆಯ ಭಾಗದಲ್ಲಿ ಮಾಡಿದ್ದನ್ನ ಕನ್ನಡ ಸಿನಿಮಾ ಅದಕ್ಕೂ ಮೊದಲು ಮಾಡಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಬೆಂಕಿ, ಬಣ್ಣ, ಬೆವರು, ಸಿರಿ. ದೈವದ ಮುಖದ ಹತ್ತಿರ ಕ್ಯಾಮೆರಾವೇ ಹೆದರಿಕೊಂಡು ನಿಂತ ಹಾಗಿದೆ. 2022ರ ಸೆಪ್ಟೆಂಬರ್ 30ಕ್ಕೆ ಸಿನಿಮಾ ಬಂತು. ಅಕ್ಟೋಬರ್ ಮುಗಿಯುವುದರೊಳಗೆ ರಾಜ್ಯ ಸರ್ಕಾರ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಪಂಬದ, ಪರವ, ನಲಿಕೆ ಸಮುದಾಯದವರು ತಲೆಮಾರುಗಳಿಂದ ಕೋಲ ಕಟ್ಟುತ್ತಲೇ ಇದ್ದರು, ಸರ್ಕಾರದ ಕಣ್ಣಿಗೆ ಬೀಳೋಕೆ ಒಂದು ಹಿಟ್ ಸಿನಿಮಾ ಬೇಕಾಯ್ತು. ದೃಶ್ಯಕ್ಕೆ ಎಷ್ಟು ತಾಕತ್ತಿದೆ ಅಂತ ಅನುಮಾನ ಇರೋರು ಇದನ್ನ ಗಮನಿಸಬೇಕು.

ಆದರೆ ಅದೇ ಕ್ಲೈಮ್ಯಾಕ್ಸಿನಲ್ಲಿ ದೈವ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ತನ್ನ ಎದೆಯ ಮೇಲೆ ಒಟ್ಟಿಗೆ ಇಟ್ಟುಕೊಳ್ಳುತ್ತೆ. ಅಷ್ಟು ಹೊತ್ತು ಸಿನಿಮಾ ಕೇಳಿದ ಪ್ರಶ್ನೆ ಏನು? ಈ ಜಮೀನು ಯಾರದ್ದು, ದಾಖಲೆಯಲ್ಲಿ ಯಾರ ಹೆಸರಿದೆ ಅನ್ನೋದು. ಉತ್ತರವಾಗಿ ಸಿಕ್ಕಿದ್ದು ಒಂದು ಅದ್ಭುತ ಫ್ರೇಮು. ಕಣ್ಣು ತುಂಬಿ ಬರುತ್ತೆ, ನನಗೂ ಬಂತು. ಮನೆಗೆ ಬಂದು ಯೋಚನೆ ಮಾಡಿದರೆ ಪಹಣಿ ಇನ್ನೂ ಅಲ್ಲೇ ಇದೆ. ಕಥೆ ನಡೆಯೋದು 1990ರಲ್ಲಿ. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದಮೇಲೂ ಮಲೆನಾಡು, ಕರಾವಳಿಯಲ್ಲಿ ಅರ್ಜಿಗಳು ತಿರಸ್ಕೃತವಾಗ್ತಾನೇ ಇವೆ. ತಾಲ್ಲೂಕು ಕಚೇರಿಯ ಸಾಲನ್ನ ಅಷ್ಟು ಚಂದ ಶೂಟ್ ಮಾಡೋಕೆ ಆಗಲ್ಲ, ನಿಜ. (ಆದರೂ ರಾಮ್ ರೆಡ್ಡಿಯವರ 'ತಿಥಿ' ಮಂಡ್ಯದ ನೊದೆಕೊಪ್ಪಲಿನಲ್ಲಿ ಒಂದು ಜಮೀನು ವ್ಯವಹಾರವನ್ನೇ ಎಳೆಯಾಗಿ ಹಿಡಿದು, ವೃತ್ತಿಪರ ನಟರಿಲ್ಲದೆ, ಹಗಲ ಬೆಳಕಲ್ಲೇ ಮೋಹಕವಾದ ಸಿನಿಮಾ ಮಾಡಿ ತೋರಿಸಿತು.)

ಒಂದೇ ಗಣಿ, ಎರಡು ಕ್ಯಾಮೆರಾ

ವಾಲ್‌ಪೇಪರಿನ ವಿಷಯಕ್ಕೆ ವಾಪಸ್ ಬರ್ತೀನಿ. 'ಕೆಜಿಎಫ್'ನಲ್ಲಿ ಚಿನ್ನ ಪತ್ತೆಯಾಗೋದು 1951ರಲ್ಲಿ. ನಿಜವಾದ ಕೋಲಾರ ಚಿನ್ನದ ಗಣಿಗೆ ಆಗಲೇ ಎಪ್ಪತ್ತು ವರ್ಷ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಗಣಿ ಅದು. ಇಳಿದವರಲ್ಲಿ ಬಹುಪಾಲು ತಮಿಳು, ತೆಲುಗು ಮಾತಾಡುವ ದಲಿತರು. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಹೋಯಿತು, ಬೆಂಗಳೂರಿನ ಬೀದಿಗೆ ಬಲ್ಬು ಬರೋದಕ್ಕೂ ಮೂರು ವರ್ಷ ಮೊದಲು. ಗಣಿಗೆ ಕರೆಂಟು, ಇಂಗ್ಲಿಷರ ಬಂಗಲೆಗೆ ಕರೆಂಟು. ಕೂಲಿಯವರ ಲೈನುಗಳ ಕಥೆ ಬೇರೆ. ಬೆರಳಚ್ಚು ಕೊಡಲ್ಲ ಅಂತ 1930ರಲ್ಲಿ ಅವರೆಲ್ಲ ಮುಷ್ಕರ ಹೂಡಿದರು. ಸ್ವಾತಂತ್ರ್ಯದ ನಂತರ ಕಮ್ಯುನಿಸ್ಟರನ್ನೂ ಅಂಬೇಡ್ಕರ್‌ವಾದಿ ಪಕ್ಷಗಳವರನ್ನೂ ವಿಧಾನಸಭೆಗೆ ಗೆಲ್ಲಿಸಿ ಕಳಿಸಿದ ಊರು ಅದು. ಬಾಯಿಲ್ಲದವರ ಊರಲ್ಲ.

ಪರದೆಯ ಮೇಲಿನ ನರಾಚಿಯಲ್ಲಿ ಇದೇ ಜನ ಮಸಿ ಮೆತ್ತಿದ ಒಂದು ರಾಶಿ. ಕ್ಯಾಮೆರಾ ಮೇಲಿಂದ ನೋಡಿದಾಗ ಇರುವೆ ಸಾಲು, ಹತ್ತಿರ ಬಂದಾಗ ಕಾಪಾಡೋ ಎಂದು ಬೇಡುವ ಕಣ್ಣುಗಳು. ಗಮನವಿಟ್ಟು ಬೆಳಕು ಬೀಳೋದು ಒಬ್ಬನ ಮೇಲೆ ಮಾತ್ರ. 'ಅದು ಫ್ಯಾಂಟಸಿ ಮಾರಾಯಾ, ಇತಿಹಾಸ ಅಲ್ಲ' ಅಂತ ನೀವು ಹೇಳಬಹುದು, ಒಪ್ಪುತ್ತೀನಿ. ಆದರೆ ಹೆಸರು ನಿಜದ್ದು. ಸೆಟ್ ಹಾಕಿದ ಸೈನೈಡ್ ಗುಡ್ಡಗಳೂ ನಿಜದವು. ಇತಿಹಾಸದಿಂದ ಹೆಸರು, ಹಿನ್ನೆಲೆ ಎರಡನ್ನೂ ಎತ್ತಿಕೊಂಡು ಜನರನ್ನ ಮಾತ್ರ ಬಿಟ್ಟು ಬಂದರೆ, ಅದಕ್ಕೆ ಬರೀ ಫ್ಯಾಂಟಸಿ ಅನ್ನೋದು ಸಲೀಸು.

2024ರ ಆಗಸ್ಟ್ 15ಕ್ಕೆ ಪಾ. ರಂಜಿತ್ ಅವರ 'ತಂಗಲಾನ್' ಬಂತು. ಅದೇ ಚಿನ್ನದ ನೆಲ, ಕಾಲ ಮಾತ್ರ ಹತ್ತೊಂಬತ್ತನೇ ಶತಮಾನ. ಉತ್ತರ ಆರ್ಕಾಟಿನಿಂದ ಜಮೀನು ಕಳಕೊಂಡು ಇಂಗ್ಲಿಷ್ ದೊರೆಯ ಹಿಂದೆ ಹೊರಟ ದಲಿತರ ಕಥೆ, ಎ. ಕಿಶೋರ್ ಕುಮಾರ್ ಅವರ ಛಾಯಾಗ್ರಹಣ. ಮುಚ್ಚುಮರೆ ಇಲ್ಲದೆ ಹೇಳ್ತೀನಿ, ಸಿನಿಮಾವಾಗಿ ಇದು 'ಕೆಜಿಎಫ್'ನಷ್ಟು ಬಿಗಿಯಾಗಿಲ್ಲ. ದ್ವಿತೀಯಾರ್ಧ ಗೋಜಲು, ಗ್ರಾಫಿಕ್ಸ್ ಅಲ್ಲಲ್ಲಿ ಪೇಲವ. ಆದರೆ ಇಲ್ಲಿ ಕೆಸರು ಮೆತ್ತಿಕೊಂಡ ಪ್ರತಿ ಮೈಗೂ ಒಂದು ಮುಖ ಇದೆ, ಆ ಮುಖಕ್ಕೆ ಹೆಸರಿದೆ. ಮಣ್ಣಿನ ಬಣ್ಣ, ಚರ್ಮದ ಬಣ್ಣ ಎರಡೂ ಬೆರೆತು ಹೋಗಿ, ನೆಲ ಯಾರದ್ದು ಅನ್ನೋ ವಾದವನ್ನ ಬಣ್ಣವೇ ಮಾಡುತ್ತೆ. ಊರಿನ ಹೆಂಗಸರು ಮೊದಲ ಸಲ ರವಿಕೆ ತೊಟ್ಟು ಒಬ್ಬರನ್ನೊಬ್ಬರು ನೋಡಿ ನಾಚಿ ನಗೋ ದೃಶ್ಯವಿದೆ. ಮೈ ಮುಚ್ಚಿಕೊಳ್ಳೋ ಹಕ್ಕಿನ ದೀರ್ಘ ಜಗಳ ಗೊತ್ತಿದ್ದವರಿಗೆ ಆ ಒಂದು ನಿಮಿಷ ಇಡೀ ಟಿಕೆಟ್ ದುಡ್ಡಿಗೆ ಸಮ. ಕ್ಯಾಮೆರಾ ಅಲ್ಲಿ ಆತುರ ಮಾಡಲ್ಲ.

ಹಾಗಂತ ನನ್ನ ಪಟ್ಟಿಯಿಂದ 'ಕೆಜಿಎಫ್' ತೆಗೆದಿಲ್ಲ, 'ಕಾಂತಾರ'ವನ್ನೂ ತೆಗೆದಿಲ್ಲ. ತೆಗೆದರೆ ಸುಳ್ಳು ಹೇಳಿದ ಹಾಗಾಗುತ್ತೆ. ವಾಲ್‌ಪೇಪರ್ ಮಾತ್ರ ಬದಲಾಯಿಸಿದ್ದೀನಿ.

ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ಮಿಶ್ರಿತ ಮಣ್ಣಿನ ಗುಡ್ಡಗಳು ಊರಿನ ಪಕ್ಕದಲ್ಲೇ ಇವೆ. ಗಾಳಿ ಬೀಸುವ ತಿಂಗಳುಗಳಲ್ಲಿ ಅದರ ದೂಳು ಮನೆಗಳಿಗೆ ನುಗ್ಗುತ್ತೆ ಅಂತ ಅಲ್ಲಿನವರು ವರ್ಷಗಳಿಂದ ಹೇಳ್ತಾನೇ ಇದ್ದಾರೆ. ಅಂಥ 13 ಗುಡ್ಡಗಳನ್ನ, ಸುಮಾರು ಸಾವಿರ ಎಕರೆಯಲ್ಲಿ, ಮತ್ತೆ ಚಿನ್ನಕ್ಕಾಗಿ ಸೋಸುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಗುಡ್ಡಗಳ ಡ್ರೋನ್ ವಿಡಿಯೋಗಳು ಇನ್‌ಸ್ಟಾಗ್ರಾಮ್‌ನಲ್ಲಿ ಬೇಕಾದಷ್ಟಿವೆ. ಸಂಜೆ ಬಿಸಿಲಿಗೆ ತುಂಬಾ ಚಂದ ಕಾಣ್ತವೆ, ಹಿನ್ನೆಲೆಗೆ ಸಿನಿಮಾದ ಬಿಜಿಎಂ.